ಅಪ್ಪನ ಹೆಸರಲ್ಲೊಂದು ಪೇಪರ್, ಗಂಡನ ಹೆಸರಲ್ಲೊಂದು

ಮೆಡಿಕಲ್ ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಬೇಕು ಅಂದರೆ ವಾರ್ಡಿನಲ್ಲಿ ಎಷ್ಟು ದುಡಿದಿರಿ ಅಂತ ಯಾರೂ ಕೇಳುವುದಿಲ್ಲ. ಪೇಪರ್, ಅಂದರೆ ಅಚ್ಚಾದ ಸಂಶೋಧನಾ ಲೇಖನ, ಎಷ್ಟಿವೆ ಅಂತ ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ಆದರೆ ಅದನ್ನು ಲೆಕ್ಕ ಹಾಕುವ ರೀತಿ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ನನ್ನ ಪ್ರಕಟಣೆಗಳ ಪಟ್ಟಿ ತಯಾರಾದ ಕಥೆ ಇದು.

ನಾನು ಮಧ್ಯ ಕರ್ನಾಟಕದ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದಲ್ಲಿದ್ದೇನೆ. ಪಿಜಿ ಮಾಡಿದ್ದೂ ಇಲ್ಲೇ. ಬರೆದಿದ್ದೆಲ್ಲ ಎರಡು ವಿಷಯಗಳ ಮೇಲೆ: ರಕ್ತದ ಕ್ಯಾನ್ಸರ್ ಮತ್ತು ಎಕೋ. ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್. ಇವೆರಡಕ್ಕೂ ಏನು ಸಂಬಂಧ ಅಂತ ನನ್ನ ಅತ್ತೆಯವರೂ ಕೇಳಿದ್ದಾರೆ, ಸಂದರ್ಶನ ಸಮಿತಿಯವರೂ ಕೇಳಿದ್ದಾರೆ.

ಸಂಬಂಧ ಇರುವುದು ಒಂದು ಕೆಂಪು ಔಷಧಿಯಲ್ಲಿ. ಹೆಸರು ಡಾಕ್ಸೊರುಬಿಸಿನ್. ಇಟಲಿಯ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ ಕುಲದಿಂದ ಬಂದದ್ದು. ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಅಂತಲೂ ಕರೆದರು. ನಮ್ಮ ಡೇ ಕೇರ್ ವಾರ್ಡಿನಲ್ಲಿ ರೋಗಿಗಳಿಗೆ ಅದು ಬರೀ 'ಕೆಂಪು ಇಂಜೆಕ್ಷನ್'. ಹಾಕಿಸಿಕೊಂಡ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮೊದಲೇ ಹೇಳದಿದ್ದರೆ ರಾತ್ರಿ ಫೋನ್ ಬರುವುದು ಖಂಡಿತ. ಲಿಂಫೋಮಾ ಅನ್ನುವ ರಕ್ತದ ಕ್ಯಾನ್ಸರಿಗೆ ಕೊಡುವ ಚಾಪ್ ಅನ್ನುವ ಚಿಕಿತ್ಸೆಯಲ್ಲಿ ಇದೇ ಮುಖ್ಯ ಆಯುಧ. 21 ದಿನಕ್ಕೊಮ್ಮೆ, ಮೈಯಳತೆಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ. ಆರು ಸುತ್ತು ಮುಗಿದರೆ 300. ಗಡ್ಡೆ ಕರಗುತ್ತದೆ. ಆದರೆ ಹೃದಯದ ಸ್ನಾಯುವಿಗೂ ಪೆಟ್ಟು ಬೀಳಬಹುದು. 2003ರಲ್ಲಿ ಬಂದ ಒಂದು ಹೆಸರಾಂತ ಲೆಕ್ಕದ ಪ್ರಕಾರ, ಒಟ್ಟು ಡೋಸ್ 400 ಮುಟ್ಟಿದಾಗ ನೂರರಲ್ಲಿ 5 ಜನಕ್ಕೆ ಹಾರ್ಟ್ ಫೇಲ್ಯೂರ್. 550ಕ್ಕೆ 26. 700ಕ್ಕೆ 48. ಹಾಗಾದರೆ 300ಕ್ಕೆ ನಿಲ್ಲಿಸುವ ನಮಗೆ ಭಯ ಯಾಕೆ ಅಂತೀರಾ? ಬಿಪಿ ಇರುವವರು, ಶುಗರ್ ಇರುವವರು, ವಯಸ್ಸಾದವರು ಅಷ್ಟರಲ್ಲೇ ಜಾರಬಹುದು. ನಮ್ಮ ಓಪಿಡಿಗೆ ಬರುವವರಲ್ಲಿ ಅಂಥವರೇ ಜಾಸ್ತಿ.

2013ರಲ್ಲಿ ಪಿಜಿ ಸೇರಿದಾಗ ಥೀಸಿಸ್‌ಗೆ ಇದೇ ವಿಷಯ ತೆಗೆದುಕೊಂಡೆ. ಚಾಪ್ ಶುರುವಾಗುವ ಮೊದಲು ಒಂದು ಎಕೋ, ಮೂರನೇ ಸುತ್ತಿನ ನಂತರ ಒಂದು, ಆರು ಮುಗಿದ ಮೇಲೆ ಒಂದು. ಹೇಳುವುದಕ್ಕೆ ಸುಲಭ. ಸಿನಾಪ್ಸಿಸ್, ಅಂದರೆ ಥೀಸಿಸ್ ಯೋಜನೆಯ ಸಾರಾಂಶ, ವಿಶ್ವವಿದ್ಯಾಲಯಕ್ಕೆ ಹೋಯಿತು, ಎಥಿಕ್ಸ್ ಕಮಿಟಿ ಮುಂದೆ ನಿಂತು ಉತ್ತರ ಕೊಟ್ಟಾಯಿತು. ಕನ್ನಡದ ಒಪ್ಪಿಗೆ ಪತ್ರದಲ್ಲಿ 'ಶ್ರವಣಾತೀತ ಧ್ವನಿ ತರಂಗ' ಅಂತ ಯಾರೋ ಬರೆದುಕೊಟ್ಟಿದ್ದರು. ಅದನ್ನು ಹೊಡೆದುಹಾಕಿ 'ಹೃದಯದ ಸ್ಕ್ಯಾನಿಂಗ್' ಅಂತ ಬರೆದೆ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಎಕೋ ರೂಮಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಪಟ್ಟಿಯಲ್ಲಿರುವ ಅರ್ಧದಷ್ಟು ಕೆಲಸ ಹುಟ್ಟಿದ್ದು ಅಲ್ಲೇ. ಸಣ್ಣ ರೂಮು, ಎಸಿ ಜೋರು, ಲೈಟು ಮಬ್ಬು. ರೋಗಿ ಎಡ ಮಗ್ಗುಲಾಗಿ ಮಲಗಬೇಕು, ಎಡಗೈ ತಲೆಯ ಕೆಳಗೆ. ಎದೆಗೆ ಮೂರು ಇಸಿಜಿ ಸ್ಟಿಕ್ಕರ್. ಆಮೇಲೆ ತಣ್ಣನೆಯ ಜೆಲ್. ಹರಪನಹಳ್ಳಿ ಕಡೆಯ ಒಬ್ಬ ಅಜ್ಜಿ ಜೆಲ್ ತಾಗಿದ್ದೇ ತಡ ಬೆಚ್ಚಿ ಕೇಳಿದ್ದರು: "ಯವ್ವಾ, ಗಂಟು ಇರೋದು ಕುತ್ತಿಗ್ಯಾಗ. ನೀವು ಎದಿ ಯಾಕ ನೋಡ್ತೀರಿ?" ಆ ಕೆಂಪು ಇಂಜೆಕ್ಷನ್ ಎದೆಗೂ ತಾಗಬಹುದು ಅಜ್ಜಿ, ತಾಗಿದೆಯಾ ಅಂತ ನೋಡ್ತಿದೀವಿ ಅಂದೆ. "ಹಂಗಾರ ನೋಡ್ರಿ," ಅಂದು ಸುಮ್ಮನಾದರು. ಮೂರು ಸಲವೂ ಬಂದರು. ಅಷ್ಟು ನಿಯತ್ತಾಗಿ ಬಂದವರು ಕಡಿಮೆ.

ಎಕೋದಲ್ಲಿ ಎಲ್ಲರಿಗೂ ಗೊತ್ತಿರುವ ಸಂಖ್ಯೆ ಇಎಫ್, ಅಂದರೆ ಎಜೆಕ್ಷನ್ ಫ್ರಾಕ್ಷನ್. ಒಂದು ಬಡಿತಕ್ಕೆ ಎಡ ಕೋಣೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ. 60 ಅಂದರೆ ಎಲ್ಲರೂ ನೆಮ್ಮದಿಯಾಗುತ್ತಾರೆ. ತೊಂದರೆ ಏನೆಂದರೆ, ಸಾಮಾನ್ಯ 2ಡಿ ಎಕೋದಲ್ಲಿ ಒಬ್ಬರೇ ರೋಗಿಗೆ ಬೇರೆ ಬೇರೆ ದಿನ ಮಾಡಿದರೆ ಹೃದಯ ಬದಲಾಗದಿದ್ದರೂ ಇಎಫ್ ಸುಮಾರು 10 ಅಂಕದವರೆಗೆ ಆಚೀಚೆ ಆಗುತ್ತದೆ. ನಾವು ಹುಡುಕುತ್ತಿದ್ದ ಕುಸಿತವೂ 10 ಅಂಕವೇ! ಅದಕ್ಕೇ ಸ್ಟ್ರೇನ್ ಅನ್ನುವ ಅಳತೆ. ಎಕೋ ಚಿತ್ರದಲ್ಲಿ ಸ್ನಾಯುವಿನ ಮೇಲೆ ಕಾಣುವ ಸಣ್ಣ ಸಣ್ಣ ಚುಕ್ಕೆಗಳನ್ನು ಸಾಫ್ಟ್‌ವೇರ್ ಹಿಂಬಾಲಿಸುತ್ತದೆ. ಸ್ನಾಯು ಉದ್ದುದ್ದಕ್ಕೆ ಎಷ್ಟು ಕುಗ್ಗಿತು ಅಂತ ಹೇಳುತ್ತದೆ. ಆರೋಗ್ಯವಂತರಲ್ಲಿ ಮೈನಸ್ 20ರ ಆಸುಪಾಸು. ಆ ರೋಗಿಯ ಮೊದಲ ಸಂಖ್ಯೆಗಿಂತ ನೂರಕ್ಕೆ 15ಕ್ಕಿಂತ ಜಾಸ್ತಿ ಕುಸಿದರೆ, ಅಂದರೆ ಮೈನಸ್ 20 ಇದ್ದದ್ದು ಮೈನಸ್ 17 ದಾಟಿ ಸೊನ್ನೆಯ ಕಡೆ ಸರಿದರೆ, ಎಚ್ಚರ. ಇಎಫ್ ಇನ್ನೂ 60 ಅಂತಲೇ ತೋರಿಸುತ್ತಿರಬಹುದು.

ಇದನ್ನು ತೆಗೆಯುವುದು ತಾಳ್ಮೆಯ ಕೆಲಸ. ಹೃದಯದ ತುದಿಯಿಂದ ಮೂರು ಕೋನ, ಪ್ರತಿ ಸಲ "ಉಸಿರು ಬಿಡಿ, ಹಾಗೇ ಹಿಡೀರಿ". ಕೀಮೋ ಆಗಿ ಸುಸ್ತಾದವರು ಹಿಡಿಯುವುದೇ ಒಂದೆರಡು ಬಡಿತ. ಕೀಮೋ ನಡುವೆ ರಕ್ತ ಕಡಿಮೆಯಾಗಿರುತ್ತದೆ, ಹೃದಯ ಓಡುತ್ತಿರುತ್ತದೆ, ಸಾಫ್ಟ್‌ವೇರ್ ಗೆರೆ ಸ್ನಾಯು ಬಿಟ್ಟು ಜಾರುತ್ತದೆ. ನಮ್ಮ ಹಿರಿಯ ಟೆಕ್ನಿಷಿಯನ್ "ಟ್ರ್ಯಾಕ್ ಆಗ್ತಿಲ್ಲ ಮೇಡಂ, ಇನ್ನೊಂದು ಸಲ ತಗೊಳೋಣ" ಅನ್ನುತ್ತಿದ್ದರು. ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಒಂದೇ ಮಷೀನು, ಒಂದೇ ಸಾಫ್ಟ್‌ವೇರ್ ಅನ್ನುವುದು ಅವರದೇ ಹಟ. ಕಂಪನಿ ಬದಲಾದರೆ ಸ್ಟ್ರೇನ್ ಸಂಖ್ಯೆಯೂ ಬದಲಾಗುತ್ತದೆ ಅಂತ ನಾನು ಲೇಖನ ಓದಿ ತಿಳಿಯುವ ಮೊದಲೇ ಅವರಿಗೆ ಕೈಯಲ್ಲಿ ಗೊತ್ತಿತ್ತು.

ನಾನು ಡೇಟಾ ತೆಗೆಯುತ್ತಿರುವಾಗಲೇ 2014ರಲ್ಲಿ ಅಮೆರಿಕ ಮತ್ತು ಯುರೋಪಿನ ಎಕೋ ಸಂಘಗಳು ಸೇರಿ ಒಂದು ವ್ಯಾಖ್ಯೆ ಕೊಟ್ಟವು: ಇಎಫ್ 10 ಅಂಕಕ್ಕಿಂತ ಜಾಸ್ತಿ ಬಿದ್ದು 53ಕ್ಕಿಂತ ಕೆಳಗೆ ಹೋದರೆ ಔಷಧಿಯಿಂದಾದ ಹಾನಿ. ನಾನು ಅದನ್ನೇ ಹಿಡಿದೆ. 2022ರಲ್ಲಿ ಯುರೋಪಿನ ಹೃದ್ರೋಗ ಸಂಘದ ಹೊಸ ಮಾರ್ಗಸೂಚಿ ಬಂತು. ಅದರಲ್ಲಿ ಗೆರೆ 50ಕ್ಕೆ ಇಳಿದಿದೆ, ಬರೀ ಸ್ಟ್ರೇನ್ ಬಿದ್ದವರನ್ನು 'ಸೌಮ್ಯ' ಅಂತ ಬೇರೆ ಗುಂಪಿಗೆ ಹಾಕಿದ್ದಾರೆ. ಅಂದರೆ ನನ್ನ ಟೇಬಲ್‌ನಲ್ಲಿ ಹಾನಿಯಾದವರ ಸಾಲಿನಲ್ಲಿದ್ದ ಕೆಲವರು ಇವತ್ತಿನ ಲೆಕ್ಕಕ್ಕೆ ಆ ಸಾಲಿನಲ್ಲಿಲ್ಲ. ಹೃದಯ ಅದೇ, ಎಕೋ ಅದೇ.

ಥೀಸಿಸ್ ಮುಗಿಯಿತು. ಪೇಪರ್ ಆಗುವುದು ಬೇರೆಯೇ ಕಥೆ. ಮೊದಲು ಕಳಿಸಿದ ವಿದೇಶಿ ಪತ್ರಿಕೆ ವಿಮರ್ಶಕರಿಗೂ ಕೊಡದೆ ವಾಪಸ್ ಮಾಡಿತು. 'ನಮ್ಮ ಓದುಗರಿಗೆ ಆದ್ಯತೆಯ ವಿಷಯವಲ್ಲ' ಅನ್ನುವ ಅರ್ಥದ ಎರಡು ಸಾಲು. ಇನ್ನೊಂದು ಕಡೆ ಒಪ್ಪಿಗೆಯಾದರೆ ಕಟ್ಟಬೇಕಾದ ದುಡ್ಡು ಡಾಲರ್‌ನಲ್ಲಿತ್ತು. ರೂಪಾಯಿಗೆ ಗುಣಿಸಿ ನೋಡಿ ಆ ಪುಟ ಮುಚ್ಚಿದೆ. ಹೊಸಬರಿಗೆ ಇಲ್ಲೊಂದು ಮಾತು. ಎಷ್ಟೋ ಪತ್ರಿಕೆಗಳಲ್ಲಿ ಲೇಖನವನ್ನು ಎಲ್ಲರಿಗೂ ಮುಕ್ತವಾಗಿ ಇಡಬೇಕಾದರೆ ಮಾತ್ರ ದುಡ್ಡು. ಚಂದಾದಾರರು ಮಾತ್ರ ಓದಲಿ ಅಂದರೆ ಪುಕ್ಕಟೆ. ಈ ಎರಡನೇ ಆಯ್ಕೆಯನ್ನು ಫಾರಂನಲ್ಲಿ ಕಣ್ಣಿಗೆ ಬೀಳದ ಹಾಗೆ ಇಟ್ಟಿರುತ್ತಾರೆ.

ಕೊನೆಗೆ ನಮ್ಮ ದೇಶದ್ದೇ ಒಂದು ಪತ್ರಿಕೆ ವಿಮರ್ಶೆಗೆ ತೆಗೆದುಕೊಂಡಿತು. ಎರಡನೇ ವಿಮರ್ಶಕರು ಯಾರೋ ಗೊತ್ತಿಲ್ಲ, ಆದರೆ ಎಕೋದಲ್ಲಿ ಕೈ ಪಳಗಿದವರು ಅನ್ನುವುದು ಪ್ರಶ್ನೆಯಲ್ಲೇ ಗೊತ್ತಾಗುತ್ತಿತ್ತು. ಇಬ್ಬರು ಬೇರೆ ಬೇರೆಯಾಗಿ ಅಳೆದರೆ ಸಂಖ್ಯೆ ಎಷ್ಟು ಹೊಂದುತ್ತದೆ? ಒಬ್ಬರೇ ಎರಡು ಸಲ ಅಳೆದರೆ? ಇದನ್ನು ತೋರಿಸಿ ಅಂದರು. ಮತ್ತೆ ಎಕೋ ರೂಮು. ಟೆಕ್ನಿಷಿಯನ್ ಹಳೆಯ ಚಿತ್ರಗಳನ್ನು ಹಾರ್ಡ್ ಡಿಸ್ಕಿನಿಂದ ತೆಗೆದು, ಹೆಸರು ಅಳಿಸಿ, ಬರೀ ಸಂಕೇತ ಸಂಖ್ಯೆ ಕೊಟ್ಟರು. ಓಪಿಡಿ ಮುಗಿದ ಮೇಲೆ ಸಂಜೆ ಹೊತ್ತು ಕಾರ್ಡಿಯಾಲಜಿ ಸರ್ ಅಳೆದು ಹೋಗುತ್ತಿದ್ದರು. ಆಮೇಲೆ ನಾನು ಕೂರುತ್ತಿದ್ದೆ. ಅವರ ಹಾಳೆ ನನಗೆ ಕಾಣದ ಹಾಗೆ ಟೆಕ್ನಿಷಿಯನ್ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದರು. ಪರೀಕ್ಷಾ ಕೊಠಡಿಯ ಸೂಪರ್‌ವೈಸರ್ ಥರ. ಇಬ್ಬರ ಹಾಳೆ ಪಕ್ಕ ಪಕ್ಕ ಇಟ್ಟ ದಿನ ಇಎಫ್ ಕಾಲಂನಲ್ಲಿ ಅಲ್ಲಲ್ಲಿ ದೊಡ್ಡ ಅಂತರ, ಸ್ಟ್ರೇನ್ ಕಾಲಂನಲ್ಲಿ ಕಡಿಮೆ. ಪೇಪರಿನ ಜೀವ ಇರುವುದೇ ಇಲ್ಲಿ ಅಂತ ಆಗ ಅನ್ನಿಸಿತು. ಮೂಲ ಕರಡಿನಲ್ಲಿ ಆ ಟೇಬಲ್ ಇರಲೇ ಇಲ್ಲ. ಆ ಕಾಣದ ವಿಮರ್ಶಕರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಪೇಪರ್ ಬಂತು. ಕೆಲವು ವರ್ಷಗಳಲ್ಲಿ ಇನ್ನಷ್ಟು ಬಂದವು. ಪ್ರಮೋಷನ್ ಅರ್ಜಿಗೆ ಪಟ್ಟಿ ಮಾಡಲು ಕೂತಾಗ ಲೈಬ್ರರಿಯನ್ ಸರ್ ಹತ್ತಿರ ಹೋದೆ. ಅವರು ಪಬ್‌ಮೆಡ್ ಅನ್ನುವ, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ತೆರೆದು ನನ್ನ ಹೆಸರು ಹಾಕಿದರು. ಬಂದದ್ದು ಒಂದೇ ಪೇಪರ್!

ಇಲ್ಲಿಂದ ಶುರುವಾಯಿತು ನೋಡಿ. ನನ್ನ ಹೆಸರು ಶೋಭಾ ಎಚ್. ಎಸ್. ಅಂತಿಟ್ಟುಕೊಳ್ಳಿ. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ ಶಿವಪ್ಪ. ನಮ್ಮ ಕಡೆ ಇದು ಮಾಮೂಲಿ. ಮನೆತನದ ಹೆಸರು ಅಂತ ಬೇರೆ ಇಲ್ಲ. ಆದರೆ ಪತ್ರಿಕೆಗಳ ಫಾರಂನಲ್ಲಿ 'ಕೊನೆಯ ಹೆಸರು' ಅನ್ನುವ ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಪಬ್‌ಮೆಡ್ ಕೊನೆಯ ಹೆಸರನ್ನು ಪೂರ್ತಿ ಇಟ್ಟು ಉಳಿದದ್ದನ್ನು ಇನಿಷಿಯಲ್ ಮಾಡುತ್ತದೆ. ಪೇಪರ್ ಅಪ್‌ಲೋಡ್ ಮಾಡಿದವರು ಆ ಕಾಲಂನಲ್ಲಿ ಏನು ತುಂಬಿದರೋ ಅದೇ ನಾನು. ಥೀಸಿಸ್ ಪೇಪರಿನಲ್ಲಿ 'ಶೋಭಾ ಎಚ್‌ಎಸ್'. ಸರಿ. ಇನ್ನೊಂದರಲ್ಲಿ ಕೊನೆಯ ಇನಿಷಿಯಲ್ಲನ್ನೇ ಮನೆತನ ಅಂದುಕೊಂಡು 'ಎಸ್ ಎಸ್‌ಎಚ್' ಮಾಡಿದ್ದಾರೆ. ಇದು ಹೆಸರೋ ರೈಲಿನ ಸದ್ದೋ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹಾಕಿದ್ದೆವು. ಅದನ್ನು ನೋಡಿ ತುಂಬಿದ ಪೇಪರಿನಲ್ಲಿ 'ಶಿವಪ್ಪ ಎಸ್'. ಮದುವೆಯಾದ ಮೇಲೆ ಒಂದೆರಡು ಕಡೆ ಗಂಡನ ಮನೆಯ ಹೆಸರು ಸೇರಿ 'ಪಾಟೀಲ್ ಎಸ್'. ಪಾಟೀಲ್ ಎಸ್ ಅಂತ ಹುಡುಕಿದರೆ ಬೆಳಗಾವಿಯಿಂದ ಕೊಲ್ಹಾಪುರ, ಅಲ್ಲಿಂದ ಅಮೆರಿಕದವರೆಗೆ ಪಾಟೀಲರ ಜಾತ್ರೆ. ಅದರಲ್ಲಿ ನಾನು ಯಾವಳು ಅಂತ ನನಗೇ ಹುಡುಕುವುದು ಕಷ್ಟವಾಯಿತು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ನಿಮ್ಮ ಹೆಸರಲ್ಲಿ ಲಿಂಫೋಮಾ ಬಗ್ಗೆ ಒಂದು ಪೇಪರ್ ಇದೆ ಅಂತ. ಅವರು ಜೀವನಪೂರ್ತಿ ಅಡಿಕೆ ತೋಟ ನೋಡಿಕೊಂಡವರು. "ನಾನು ಬರ್ದಿದ್ದು ಬರೀ ಸೊಸೈಟಿ ಸಾಲದ ಅರ್ಜಿ ಕಣಮ್ಮ," ಅಂದರು. ಆದರೂ ಪ್ರಿಂಟ್ ತೆಗೆದು ಕಳಿಸು ಅಂದರು.

ಇದಕ್ಕೆ ಮದ್ದು ಆರ್ಕಿಡ್ ಅನ್ನುವ ಗುರುತಿನ ಸಂಖ್ಯೆ. 2012ರಲ್ಲಿ ಶುರುವಾದದ್ದು, 16 ಅಂಕಿ, ಪುಕ್ಕಟೆ. ಸಂಶೋಧಕರಿಗೆ ಆಧಾರ್ ನಂಬರ್ ಇದ್ದ ಹಾಗೆ. ಹೆಸರು ಹೇಗೆ ಬಂದರೂ ಸಂಖ್ಯೆ ಒಂದೇ. ಪ್ರತಿ ಪೇಪರಿಗೆ ಇರುವ ಡಿಒಐ ಅನ್ನುವ ಗುರುತಿನ ಸಂಖ್ಯೆ ಹಾಕಿ ಒಂದೊಂದಾಗಿ ಸೇರಿಸಿದೆ. ಸ್ಕೋಪಸ್‌ ಅನ್ನುವ ಇನ್ನೊಂದು ಲೇಖನ ಸೂಚಿಯಲ್ಲಿ ನಾನು ಬೇರೆ ಬೇರೆ ಜನರಾಗಿ ಒಡೆದು ಹೋಗಿದ್ದೆ. ಅವರಿಗೆ ಅರ್ಜಿ ಕಳಿಸಿದರೆ ಪ್ರೊಫೈಲ್‌ಗಳನ್ನು ಕೂಡಿಸಿ ಕೊಡುತ್ತಾರೆ, ಕೊಟ್ಟರು. ಆದರೆ ಹಳೆಯ ಪೇಪರ್ ಮೇಲೆ ಅಚ್ಚಾದ ಹೆಸರು ಅಚ್ಚಾದದ್ದೇ.

ಆರ್ಕಿಡ್ ತೋರಿಸಿದರೆ ಸಾಕು ಅಂದುಕೊಂಡಿದ್ದೆ. ಆಡಳಿತ ಕಚೇರಿಯವರಿಗೆ ಅದೆಲ್ಲ ಬೇಡ. "ಇವರೆಲ್ಲ ನೀವೇ ಅನ್ನೋದಕ್ಕೆ ಅಫಿಡವಿಟ್ ತನ್ನಿ ಮೇಡಂ," ಅಂದರು. ಕೋರ್ಟ್ ಹತ್ತಿರದ ನೋಟರಿ ಬಳಿ ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಆಯಿತು: ಈ ಈ ಹೆಸರಿನವರೆಲ್ಲ ಒಬ್ಬರೇ ವ್ಯಕ್ತಿ. ಟೈಪ್ ಮಾಡುವ ಹುಡುಗ 'ಎಸ್ ಎಸ್‌ಎಚ್' ಅನ್ನುವಲ್ಲಿ ಕೈ ನಿಲ್ಲಿಸಿ, "ಇದು ಪೂರ್ತಿ ಹೆಸರಾ ಮೇಡಂ?" ಅಂದ. ಹೌದಪ್ಪ, ಅದೇ ಪೂರ್ತಿ ಅಂದೆ. ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಗಿಂತ ಸ್ಟಾಂಪ್ ಪೇಪರಿಗೇ ಬೆಲೆ ಜಾಸ್ತಿ, ಅಲ್ವಾ?

ಮುಂದಿನದು ಯಾವ ಪೇಪರ್ ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಅನ್ನುವುದು. ಹಿಂದೆ ವೈದ್ಯಕೀಯ ಶಿಕ್ಷಣದ ನಿಯಮದಲ್ಲಿ ಮೊದಲ ಇಬ್ಬರು ಲೇಖಕರಿಗೆ ಮಾತ್ರ ಅಂಕ ಇತ್ತು. 2020ರಲ್ಲಿ ಮೊದಲ ಮೂವರು ಅಥವಾ ಪತ್ರವ್ಯವಹಾರ ನಡೆಸುವ ಲೇಖಕರು ಅಂತ ಸಡಿಲ ಮಾಡಿದರು. ಮೂಲ ಸಂಶೋಧನೆ, ಮೆಟಾ ಅನಾಲಿಸಿಸ್, ಸಿಸ್ಟಮ್ಯಾಟಿಕ್ ರಿವ್ಯೂ, ಕೇಸ್ ಸೀರೀಸ್ ನಡೆಯುತ್ತದೆ. ಒಬ್ಬರೇ ರೋಗಿಯ ಕೇಸ್ ರಿಪೋರ್ಟ್ ನಡೆಯುವುದಿಲ್ಲ. ಸಂಪಾದಕರಿಗೆ ಬರೆದ ಪತ್ರ ನಡೆಯುವುದಿಲ್ಲ. ಪತ್ರಿಕೆ ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್ ಇಂಥ ಕೆಲವು ಸೂಚಿಗಳಲ್ಲಿ ಒಂದರಲ್ಲಾದರೂ ಇರಬೇಕು. ಇಲ್ಲಿ ದೊಡ್ಡವರೇ ತಬ್ಬಿಬ್ಬಾಗುತ್ತಾರೆ. ಪಬ್‌ಮೆಡ್‌ನಲ್ಲಿ ಕಂಡರೆ ಮೆಡ್‌ಲೈನ್‌ನಲ್ಲಿದೆ ಅಂತ ಅರ್ಥವಲ್ಲ. ಮೆಡ್‌ಲೈನ್ ಅದರೊಳಗಿನ ಒಂದು ಭಾಗ, ಆಯ್ದು ತೆಗೆದ ಪತ್ರಿಕೆಗಳದ್ದು. ಲೈಬ್ರರಿಯನ್ ಸರ್ ಪ್ರತಿ ಪತ್ರಿಕೆಯ ಹೆಸರನ್ನೂ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ನಿನ ಕ್ಯಾಟಲಾಗ್‌ನಲ್ಲಿ ಹಾಕಿ, ಮೆಡ್‌ಲೈನ್‌ನಲ್ಲಿ ಇದೆಯೋ ಇಲ್ಲವೋ ನೋಡಿ ಪ್ರಿಂಟ್ ತೆಗೆದರು. ಹಳದಿ ಮಾರ್ಕರ್‌ನಲ್ಲಿ ಗೆರೆ ಎಳೆದರು. ಆ ಮನುಷ್ಯ ಇಲ್ಲದಿದ್ದರೆ ನನ್ನ ಫೈಲು ಇವತ್ತಿಗೂ ಮೇಜಿನ ಮೇಲೇ ಇರುತ್ತಿತ್ತು.

ಹೀಗೆ ಜರಡಿ ಹಿಡಿದಾಗ ಬಿದ್ದುಹೋದ ಒಂದು ಪೇಪರ್ ಬಗ್ಗೆ ಹೇಳಲೇಬೇಕು. ಅದೊಂದು ಕೇಸ್ ರಿಪೋರ್ಟ್. ಐವತ್ತು ದಾಟಿದ ಒಬ್ಬ ಲಾರಿ ಡ್ರೈವರ್. ಕಾಲು ಊದಿಕೊಂಡು ಬಂದಿದ್ದರು. ಬೇರೆಡೆ 'ಹಾರ್ಟ್ ವೀಕ್' ಅಂತ ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ತೆಗೆದುಕೊಂಡರೆ ಎದ್ದು ನಿಲ್ಲಲು ಆಗದಷ್ಟು ತಲೆಸುತ್ತು. ಎಕೋದಲ್ಲಿ ಹೃದಯದ ಗೋಡೆ ದಪ್ಪ. ಬಿಪಿ ಜಾಸ್ತಿಯಾಗಿ ಗೋಡೆ ದಪ್ಪವಾಗಿದ್ದರೆ ಇಸಿಜಿಯಲ್ಲಿ ಅಲೆಗಳು ಎತ್ತರ ಇರಬೇಕು. ಇವರದ್ದು ಗಿಡ್ಡ ಗಿಡ್ಡ. ಟೆಕ್ನಿಷಿಯನ್ ಸ್ಟ್ರೇನ್ ಹಾಕಿ ನನ್ನನ್ನು ಕರೆದರು. "ಮೇಡಂ, ಇದನ್ನ ನೋಡಿ." ಹೃದಯವನ್ನು ತುದಿಯಿಂದ ನೋಡಿದ ಹಾಗೆ ಒಂದು ಗುಂಡು ಚಿತ್ರ ಬರುತ್ತದೆ. ಚೆನ್ನಾಗಿ ಕುಗ್ಗುವ ಜಾಗ ಕಡು ಕೆಂಪು, ಕುಗ್ಗದ ಜಾಗ ಪೇಲವ. ಅವರ ಚಿತ್ರದಲ್ಲಿ ನಡುವೆ ಮಾತ್ರ ಕೆಂಪು, ಸುತ್ತ ಪೂರ್ತಿ ಬಿಳಿಚಿಕೊಂಡಿತ್ತು. 2012ರಿಂದ ಈಚೆಗೆ ಪುಸ್ತಕಗಳಲ್ಲಿ ಜಾಗ ಪಡೆದ ಚಿತ್ರ ಅದು, ಅಮೈಲಾಯ್ಡ್ ಅನ್ನುವ ಕೆಟ್ಟ ಪ್ರೋಟೀನು ಹೃದಯದಲ್ಲಿ ತುಂಬಿಕೊಂಡಾಗ ಬರುವಂಥದ್ದು. ನಾಲಿಗೆ ಹೊರಗೆ ಚಾಚಿ ಅಂದೆ. ದಪ್ಪ, ಅಂಚಿನಲ್ಲಿ ಹಲ್ಲಿನ ಗುರುತು. ಹೊಟ್ಟೆಯ ಕೊಬ್ಬಿನ ಚೂರು ಪೆಥಾಲಜಿಗೆ ಹೋಯಿತು. ಕಾಂಗೊ ರೆಡ್ ಬಣ್ಣ ಹಾಕಿ ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಸೇಬು ಹಸಿರು, ಅಂದರೆ ಅಮೈಲಾಯ್ಡೇ. ಮೂಳೆ ಮಜ್ಜೆ ತೆಗೆದಾಗ ಮೈಲೋಮಾ. ಅಂದರೆ ಮೂಲ ರೋಗ ಹೃದಯದ್ದಲ್ಲ, ರಕ್ತದ ಕ್ಯಾನ್ಸರ್.

ಮೈಲೋಮಾಗೆ ಕೊಡುವ ಬೋರ್ಟೆಜೊಮಿಬ್ ಇಂಜೆಕ್ಷನ್ ಶುರು ಮಾಡಿದೆವು. ಹೃದಯ ಪೂರ್ತಿ ಸರಿಯಾಗಲಿಲ್ಲ. ಆದರೆ ಹಾಸಿಗೆ ಬಿಟ್ಟು ಎದ್ದು, ಇಂಜೆಕ್ಷನ್‌ಗೆ ಬಸ್ಸಿನಲ್ಲಿ ಒಬ್ಬರೇ ಬರುವಷ್ಟಾದರು. ಆ ಚಿತ್ರ ಹಾಕಿ ನಾವು ಬರೆದ ಕೇಸ್ ರಿಪೋರ್ಟ್ ಎರಡೂವರೆ ಪುಟ. ಅದಾದ ಮೇಲೆ ನಮ್ಮ ವಿಭಾಗದಲ್ಲಿ ಒಂದು ರೂಢಿಯಾಯಿತು: ಗೋಡೆ ದಪ್ಪ, ಇಸಿಜಿ ಗಿಡ್ಡ ಅಂದರೆ ಸ್ಟ್ರೇನ್ ಹಾಕದೆ ರಿಪೋರ್ಟ್ ಕೊಡುವ ಹಾಗಿಲ್ಲ, ಈ ರೋಗದ ಪ್ರೋಟೀನು ಹುಡುಕುವ ಫ್ರೀ ಲೈಟ್ ಚೈನ್ ರಕ್ತ ಪರೀಕ್ಷೆ ಬರೆಯದೆ ಬಿಡುವ ಹಾಗಿಲ್ಲ. ಹಾಗೆ ಸಿಕ್ಕವರು ಆಮೇಲೂ ಇದ್ದಾರೆ. ಪ್ರಮೋಷನ್ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ಇನ್ನೊಂದು ಕಡೆ ನನಗೆ ಪೂರ್ತಿ ಅಂಕ ತಂದುಕೊಟ್ಟ ಪೇಪರ್ ಇದೆ. ಲ್ಯುಕೇಮಿಯಾ ರೋಗಿಗಳ ಹಳೆಯ ಕೇಸ್ ಶೀಟುಗಳನ್ನು ತೆಗೆದು, ಎಷ್ಟು ಜನಕ್ಕೆ ಎಕೋ ಮಾಡಿದ್ದರು ಅಂತ ಎಣಿಸಿದ್ದು. ಸುಳ್ಳಿಲ್ಲ, ಮೋಸ ಇಲ್ಲ, ಓದಿದವರಿಗೆ ನಷ್ಟವೂ ಇಲ್ಲ. ಲಾಭ ಏನು ಅಂತ ಕೇಳಿದರೆ ಯೋಚಿಸಬೇಕು. ಎರಡನ್ನೂ ಪಕ್ಕ ಪಕ್ಕ ಇಟ್ಟು ಯಾವುದು ನಿಮ್ಮ ಕೆಲಸ ಅಂತ ಕೇಳಿದರೆ ನಾನು ಡ್ರೈವರ್ ಚಿತ್ರಕ್ಕೇ ಕೈ ತೋರಿಸುತ್ತೇನೆ. ನಿಯಮ ಮಾಡಿದವರದ್ದೂ ಒಂದು ನ್ಯಾಯ ಇದೆ ಅನ್ನಿ. ಕೇಸ್ ರಿಪೋರ್ಟಿಗೆ ಅಂಕ ಕೊಟ್ಟರೆ ವಾರಕ್ಕೊಂದು ಬರೆಯುವ ಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಟೆಕ್ನಿಷಿಯನ್ ಹೆಸರಿನ ವಿಷಯವೂ ಇದೆ. ಲೇಖಕ ಅನಿಸಿಕೊಳ್ಳಲು ವೈದ್ಯಕೀಯ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ನಿಜವಾದ ಪಾಲು, ಬರವಣಿಗೆ ಅಥವಾ ತಿದ್ದುವಿಕೆ, ಕೊನೆಯ ಕರಡಿಗೆ ಒಪ್ಪಿಗೆ, ಹೊಣೆಗಾರಿಕೆ. ನಾಲ್ಕೂ ಬೇಕು. ಥೀಸಿಸ್ ಪೇಪರಿನಲ್ಲಿ ಅವರ ಹೆಸರು ಕೊನೆಯ ಕೃತಜ್ಞತೆಯ ಸಾಲಿಗೆ ಹೋಯಿತು. ಅದೇ ಹೊತ್ತಿಗೆ ಒಮ್ಮೆಯೂ ಎಕೋ ರೂಮಿಗೆ ಕಾಲಿಡದ ಹಿರಿಯರೊಬ್ಬರು ಲೇಖಕರ ಸಾಲಿನಲ್ಲಿ ಕೂತರು. ಇದು ಎಲ್ಲ ಕಾಲೇಜುಗಳ ಕಥೆ, ಬಿಡಿ. ಆದರೆ ಕೇಸ್ ರಿಪೋರ್ಟ್ ಬರೆಯುವಾಗ ನಾನು ಕರಡನ್ನು ಟೆಕ್ನಿಷಿಯನ್ ಮುಂದಿಟ್ಟೆ. ಚಿತ್ರದ ವಿವರಣೆಯಲ್ಲಿ ಎರಡು ಕಡೆ ತಿದ್ದಿದರು. ಅವರ ಹೆಸರು ಎರಡನೆಯದಾಗಿ ಬಂತು. ಅದರ ಪ್ರಿಂಟ್ ಲ್ಯಾಮಿನೇಟ್ ಮಾಡಿಸಿ ಎಕೋ ಮಷೀನಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ.

ಪಟ್ಟಿ ಒಂದು ಕಡೆ ಸೇರಿದ ಮೇಲೆ ಇಮೇಲ್ ಹಾವಳಿ ಜಾಸ್ತಿಯಾಯಿತು. ಕಂಡು ಕೇಳರಿಯದ ಪತ್ರಿಕೆಗಳು ನನ್ನನ್ನು 'ವಿಶ್ವವಿಖ್ಯಾತ ತಜ್ಞರೇ' ಅಂತ ಕರೆದು ಬರೆಯುತ್ತವೆ. ನನ್ನ ಲಿಂಫೋಮಾ ಪೇಪರ್ ಓದಿ ಮನಸೋತಿದ್ದಾರಂತೆ. ಅದರ ಜೊತೆಗೇ ಮೀನು ಸಾಕಣೆಯ ಸಮ್ಮೇಳನಕ್ಕೆ ಆಹ್ವಾನ. ಪ್ರಮೋಷನ್ ಗಡುವು ಹತ್ತಿರ ಇರುವಾಗ, 'ಒಂದು ವಾರದಲ್ಲಿ ಪ್ರಕಟಣೆ ಗ್ಯಾರಂಟಿ' ಅನ್ನುವ ಸಾಲು ಎಂಥವರ ಕೈಯನ್ನೂ ನಡುಗಿಸುತ್ತದೆ. ವಿಮರ್ಶೆಯೇ ಇಲ್ಲದೆ ದುಡ್ಡು ತೆಗೆದುಕೊಂಡು ಅಚ್ಚು ಹಾಕುವವರು ಇವರು. ಬಿದ್ದವರು ನನಗೆ ಗೊತ್ತಿದ್ದಾರೆ. ಹೆಸರು ಬೇಡ.

ಸಂದರ್ಶನದ ದಿನ ಹೊರಗಿನಿಂದ ಬಂದ ಪರಿಣಿತರು ಫೈಲು ತಿರುವಿ ಕೇಳಿದರು: "ನೀವು ರಕ್ತದ ಡಾಕ್ಟರೋ, ಹೃದಯದ ಡಾಕ್ಟರೋ?" ನಾನು ಮೆಡಿಸಿನ್ ಡಾಕ್ಟರ್ ಸರ್, ರಕ್ತದ ಕ್ಯಾನ್ಸರ್ ರೋಗಿಗೆ ಹೃದಯವೂ ಇರುತ್ತದೆ ಅಂದೆ. ಪಕ್ಕದವರು ನಕ್ಕರು. ಕೇಳಿದವರು ನಗಲಿಲ್ಲ. ಈ ಎರಡೂ ಸೇರಿದ ಕಾರ್ಡಿಯೋ ಆಂಕಾಲಜಿ ಅನ್ನುವ ವಿಭಾಗವೇ ಹುಟ್ಟಿದೆ, ಅದಕ್ಕೆಂದೇ 2019ರಿಂದ ಅಮೆರಿಕದ ಕಾಲೇಜ್ ಆಫ್ ಕಾರ್ಡಿಯಾಲಜಿ ಬೇರೆ ಪತ್ರಿಕೆ ನಡೆಸುತ್ತಿದೆ ಅಂತ ವಿವರಿಸಿದೆ. ಆಮೇಲೆ ಅವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ನಿಮ್ಮ ಥೀಸಿಸ್ ರೋಗಿಗಳು ಈಗ ಹೇಗಿದ್ದಾರೆ?"

ಉತ್ತರ ಪೂರ್ತಿ ನನ್ನ ಹತ್ತಿರ ಇರಲಿಲ್ಲ. ಇಟಲಿಯಲ್ಲಿ 2,625 ರೋಗಿಗಳನ್ನು ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ನೂರರಲ್ಲಿ 9 ಜನಕ್ಕೆ ಹೃದಯದ ಹಾನಿ ಕಂಡಿತ್ತು, ಹಾಗೆ ಕಂಡವರಲ್ಲಿ ನೂರಕ್ಕೆ 98 ಪಾಲು ಮೊದಲ ವರ್ಷದೊಳಗೇ. ಬೇಗ ಹಿಡಿದು ಔಷಧಿ ಕೊಟ್ಟರೆ ಹೆಚ್ಚಿನವರು ಒಂದಷ್ಟಾದರೂ ಚೇತರಿಸಿಕೊಂಡರು. ನನ್ನ ಅಧ್ಯಯನ ನಿಂತಿದ್ದು ಆರನೇ ಸುತ್ತಿಗೆ, ಅಂದರೆ ನಾಲ್ಕೈದು ತಿಂಗಳಿಗೆ. ಪಿಜಿ ಥೀಸಿಸ್‌ಗೆ ಅಷ್ಟೇ ಸಮಯ. ಪೇಪರಿನಲ್ಲಿ ಇದನ್ನೇ ಒಂದು ಮಿತಿ ಅಂತ ಬರೆದೂ ಇದ್ದೆವು.

ಆರ್ಡರ್ ಬಂತು, ಬಾಗಿಲ ಮೇಲಿನ ಬೋರ್ಡು ಬದಲಾಯಿತು. ಈಗ ಆ ಹಳೆಯ ರೋಗಿಗಳನ್ನು ಮತ್ತೆ ಕರೆಸುವ ಕೆಲಸ ಹಿಡಿದಿದ್ದೇನೆ. ಹಳೆಯ ಒಪ್ಪಿಗೆ ಪತ್ರ ನಡೆಯುವುದಿಲ್ಲ, ಎಥಿಕ್ಸ್ ಕಮಿಟಿಗೆ ಹೊಸದಾಗಿ ಹೋಗಬೇಕಾಯಿತು. ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಅಧ್ಯಯನಗಳ ದಾಖಲೆ ಪಟ್ಟಿಯ, ನೋಂದಣಿಯನ್ನೂ ಮೊದಲೇ ಮುಗಿಸಿದೆವು. 2018ರ ಏಪ್ರಿಲ್‌ನಿಂದ ಅಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ನೋಂದಾಯಿಸಬೇಕು. ಕಷ್ಟ ಇರುವುದು ಫೋನ್ ನಂಬರಿನಲ್ಲಿ. ಅರ್ಧಕ್ಕರ್ಧ ಬದಲಾಗಿವೆ. ಕೆಲವು ನಂಬರಿಗೆ ಮಾಡಿದರೆ ಮಗನೋ ಸೊಸೆಯೋ ಎತ್ತಿ, ಅವರು ಹೋಗಿ ವರ್ಷಗಳಾದವು ಅನ್ನುತ್ತಾರೆ. ಅಂಥ ಫೋನುಗಳನ್ನು ಪಿಜಿ ಹುಡುಗಿಗೆ ಬಿಡದೆ ನಾನೇ ಮಾಡುತ್ತೇನೆ.

ಹರಪನಹಳ್ಳಿ ಅಜ್ಜಿ ಸಿಕ್ಕರು. ಮೊಮ್ಮಗನ ಬೈಕಿನಲ್ಲಿ ಬಂದಿದ್ದರು. ಇಎಫ್ 58, ಸ್ಟ್ರೇನ್ ಮೈನಸ್ 16.4. ಮೊದಲ ಎಕೋದಲ್ಲಿ ಮೈನಸ್ 20.1 ಇತ್ತು. ಅವರಿಗೆ ಏನೂ ತೊಂದರೆ ಇಲ್ಲ, ಹೊಲಕ್ಕೆ ಬುತ್ತಿ ಹೊತ್ತು ನಡೆಯುತ್ತಾರೆ. ಆದರೂ ಕಾರ್ಡಿಯಾಲಜಿ ಸರ್ ಹತ್ತಿರ ಕಳಿಸಿದೆ. ಸಣ್ಣ ಡೋಸಿನಲ್ಲಿ ಎರಡು ಮಾತ್ರೆ ಬರೆದಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೊಂದು ಎಕೋ ಇದೆ.